ಸೂಜಿ ಹೊಸದು ಸರಿ, ಬಣ್ಣ ಯಾವುದು?

ವೀಕ್ಷಕರೇ, ಟ್ಯಾಟೂ ಹಾಕಿಸ್ಕೋತೀನಿ ಅಂತ ಹೊರಟ ಮಗನಿಗೋ ಮಗಳಿಗೋ ಮನೆಯಲ್ಲಿ ಅಪ್ಪ ಅಮ್ಮ ಕೇಳೋ ಪ್ರಶ್ನೆ ಒಂದೇ. "ಸೂಜಿ ಹೊಸದಾ?" ಅಂಗಡಿಯವರೂ ಇದಕ್ಕೆ ತಯಾರಾಗೇ ಇರ್ತಾರೆ. ಕಣ್ಣೆದುರಿಗೇ ಪ್ಯಾಕೆಟ್ ಹರಿದು ಸೂಜಿ ತೆಗೀತಾರೆ, ಕೈಗೆ ಗ್ಲೌಸ್ ಹಾಕ್ತಾರೆ, ಚರ್ಮಕ್ಕೆ ಸ್ಪಿರಿಟ್ ಒರೆಸ್ತಾರೆ. ಎಲ್ಲರಿಗೂ ಸಮಾಧಾನ. ಆದರೆ ಪಕ್ಕದ ಪುಟ್ಟ ಕಪ್ಪಿಗೆ ಸುರಿದಿಟ್ಟ ಆ ಕೆಂಪು, ಆ ನೀಲಿ ಏನು? ಅದು ಮೂಲದಲ್ಲಿ ಯಾವ ಕೆಲಸಕ್ಕೆ ಅಂತ ತಯಾರಾದ ಬಣ್ಣ? ಅದನ್ನು ಕೇಳೋರು ಕಡಿಮೆ. ಅಪ್ಪ ಅಮ್ಮನನ್ನು ಮಾತ್ರ ಇದಕ್ಕೆ ದೂರಬೇಕಾಗಿಲ್ಲ. ಹೆಚ್ಚುಕಡಿಮೆ ನೂರೈವತ್ತು ವರ್ಷಗಳಿಂದ ಸರ್ಕಾರಗಳೂ ಹೆಚ್ಚಾಗಿ ಸೂಜಿಯನ್ನೇ ನೋಡಿಕೊಂಡು ಬಂದಿವೆ. ಬಣ್ಣದ ಸರದಿ ಬಂದದ್ದು ಮೊನ್ನೆ ಮೊನ್ನೆ. ಇವತ್ತು ಆ ಬಣ್ಣದ ಚರಿತ್ರೆ ಹೇಳ್ತೀನಿ.

ಶುರುವಿನಲ್ಲಿ ಬಣ್ಣ ಅಂದರೆ ಮಸಿ, ಅಷ್ಟೆ. 1991ರಲ್ಲಿ ಆಸ್ಟ್ರಿಯಾ ಮತ್ತು ಇಟಲಿ ಗಡಿಯ ಆಲ್ಪ್ಸ್ ಹಿಮದಲ್ಲಿ ಚಾರಣಿಗರ ಕಣ್ಣಿಗೆ ಒಂದು ಶವ ಬಿತ್ತು. ಇತ್ತೀಚಿನ ಅಪಘಾತ ಇರಬೇಕು ಅಂದುಕೊಂಡರು. ಪರೀಕ್ಷೆ ಮಾಡಿದರೆ ಸುಮಾರು 5,300 ವರ್ಷ ಹಳೆಯದು! ಓಟ್ಜಿ ಅಂತ ಹೆಸರಿಟ್ಟ ಆ ಮನುಷ್ಯನ ಮೈಮೇಲೆ 61 ಹಚ್ಚೆ ಗುರುತುಗಳಿವೆ. ಎಲ್ಲವೂ ಕಪ್ಪು. ಸೊಂಟ, ಮೊಣಕಾಲು, ಕಣಕಾಲುಗಳ ಬಳಿ ಗೀಟುಗಳು. ಕೀಲುನೋವಿಗೆ ಮಾಡಿಸಿಕೊಂಡ ಚಿಕಿತ್ಸೆ ಇರಬಹುದು ಅನ್ನೋದು ಕೆಲವು ಸಂಶೋಧಕರ ಊಹೆ. ಗೀಟಿನೊಳಗಿದ್ದ ವಸ್ತು ಮಾತ್ರ ಸ್ಪಷ್ಟ: ಬೆಂಕಿಯ ಮಸಿ, ಅಂದರೆ ಇಂಗಾಲ.

ನಮ್ಮ ಅಜ್ಜಿಯರ ಮುಂಗೈ ಮೇಲಿನ ಹಚ್ಚೆಯೂ ಇದೇ ಜಾತಿ. ಕೊರವಂಜಿಯರು ಊರಿಗೆ ಬಂದು, ಹಾಡು ಹೇಳ್ತಾ, ದೀಪದ ಮಸಿಗೆ ಸೊಪ್ಪಿನ ರಸವನ್ನೋ ಎದೆಹಾಲನ್ನೋ ಬೆರೆಸಿ ಚುಚ್ಚುತ್ತಿದ್ದರು. ತುಳಸಿಕಟ್ಟೆ, ಚೇಳು, ಗಂಡನ ಹೆಸರು, ಹಣೆಗೆ ಚುಕ್ಕಿ. ಮಸಿ ಕಪ್ಪು, ಆದರೆ ಅಜ್ಜಿಯ ಕೈಮೇಲೆ ಅದು ಹಸಿರು ಮಿಶ್ರಿತ ನೀಲಿಯಾಗಿ ಕಾಣ್ತಿತ್ತಲ್ವಾ? ಅದು ಬೆಳಕಿನ ಆಟ. ಚರ್ಮದ ಆಳದಲ್ಲಿ ಕೂತ ಕಪ್ಪಿನ ಮೇಲಿನ ಪದರ ಬೆಳಕನ್ನು ಚದುರಿಸುತ್ತೆ, ಕಣ್ಣಿಗೆ ನೀಲಿ ಹಸಿರು ವಾಪಸ್ ಬರುತ್ತೆ. ಹಚ್ಚೆ ಅನ್ನೋ ಪದವೇ ಪಚ್ಚೆಯಿಂದ ಬಂದದ್ದು. ಪಚ್ಚೆ ಅಂದರೆ ಹಸಿರು. ತಮಿಳಿನವರು ಈಗಲೂ ಪಚ್ಚೈ ಕುತ್ತುವುದು ಅಂತಾನೇ ಹೇಳ್ತಾರೆ.

ಹಾಗಂತ ಹಳೆಯದೆಲ್ಲ ಚೆನ್ನ, ಅಜ್ಜಿಯ ಹಚ್ಚೆಗೆ ಏನೂ ಆಗ್ತಿರಲಿಲ್ಲ ಅಂತ ವಾಟ್ಸಾಪ್‌ನಲ್ಲಿ ತಿರುಗಾಡೋ ಮಾತನ್ನು ನಾನು ಒಪ್ಪಲ್ಲ. ಒಂದೇ ಸೂಜಿ, ಒಂದೇ ಮಸಿ ಬಟ್ಟಲು, ಜಾತ್ರೆಯಲ್ಲಿ ಸಾಲಾಗಿ ಕೂತ ಹತ್ತಾರು ಕೈ. ಛತ್ತೀಸ್‌ಗಢದ ಒಂದು ವೈದ್ಯಕೀಯ ವರದಿ 2002ರಲ್ಲಿ ಪ್ರಕಟವಾಯಿತು. ಹಚ್ಚೆ ಹಾಕಿಸಿಕೊಂಡ ಜಾಗದಲ್ಲೇ ಕುಷ್ಠರೋಗದ ಮಚ್ಚೆ ಕಾಣಿಸಿಕೊಂಡ 31 ಪ್ರಕರಣಗಳು ಅದರಲ್ಲಿವೆ. ಮಸಿ ನಿರುಪದ್ರವಿ ಇರಬಹುದು. ಮಸಿಯ ಜೊತೆ ಸೂಜಿ ಹೊತ್ತು ತಂದದ್ದು ಬೇರೆ.

ಪಶ್ಚಿಮದ ದೇಶಗಳೂ ಕಲಿತದ್ದು ಈ ಪಾಠವನ್ನೇ. 1769ರಲ್ಲಿ ಕ್ಯಾಪ್ಟನ್ ಕುಕ್‌ನ ಹಡಗು ಟಹೀಟಿ ದ್ವೀಪ ಮುಟ್ಟಿತು. ಅಲ್ಲಿನವರ 'ಟಟೌ' ಅನ್ನೋ ಪದ ಇಂಗ್ಲಿಷಿಗೆ ಬಂದು ಟ್ಯಾಟೂ ಆಯ್ತು. ಮುಂದಿನ ನೂರು ವರ್ಷದಲ್ಲಿ ಬಂದರು ಊರುಗಳಲ್ಲೆಲ್ಲ ನಾವಿಕರ ಕೈಮೇಲೆ ಲಂಗರು, ಹೆಣ್ಣಿನ ಹೆಸರು. ಅದರ ಹಿಂದೆಯೇ ಕಾಯಿಲೆ. ಫ್ರೆಂಚ್ ನೌಕಾಪಡೆಯ ವೈದ್ಯ ಬೆರ್ಶೋಂ 1861ರಲ್ಲೇ ಹಚ್ಚೆಯ ಅಪಾಯಗಳ ಬಗ್ಗೆ ಬರೆದ. ಕೀವು, ಕೊಳೆತು ಕತ್ತರಿಸಬೇಕಾದ ಅಂಗ, ಸಾವು, ಎಲ್ಲವನ್ನೂ ದಾಖಲಿಸಿದ. 1878ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ವೈದ್ಯರು ಇನ್ನೊಂದು ವಿಚಿತ್ರ ಬಯಲಿಗೆಳೆದರು. ಸಿಫಿಲಿಸ್ ಇದ್ದ ಹಚ್ಚೆಗಾರನೊಬ್ಬ ಬಣ್ಣ ಕಲಸೋಕೆ ತನ್ನ ಎಂಜಲನ್ನೇ ಬಳಸ್ತಿದ್ದ! ಅವನ ಕೈಯಲ್ಲಿ ಹಚ್ಚೆ ಹಾಕಿಸಿಕೊಂಡ ಹಲವರಿಗೆ ರೋಗ ಹಂಚಿಕೆಯಾಗಿತ್ತು.

ಇಂಥ ಪ್ರಕರಣ ಓದಿದ ಯಾವ ಸರ್ಕಾರ ತಾನೇ ಸುಮ್ಮನಿರುತ್ತೆ? ಸೂಜಿ ಕುದಿಸಿ, ಎಂಜಲು ಬೇಡ, ಕೈ ತೊಳೀರಿ. ನಿಯಮಗಳು ಈ ದಾರಿಯಲ್ಲೇ ಬೆಳೆದವು. 1961ರಲ್ಲಿ ನ್ಯೂಯಾರ್ಕ್ ನಗರ ಕಾಮಾಲೆಯ ಭಯದಿಂದ ಹಚ್ಚೆ ಅಂಗಡಿಗಳನ್ನೇ ನಿಷೇಧ ಮಾಡಿತು. ಆ ನಿಷೇಧ ತೆರವಾದದ್ದು 1997ರಲ್ಲಿ, ಅಂದರೆ 36 ವರ್ಷ ಆದಮೇಲೆ. ಇಷ್ಟೂ ವರ್ಷದ ಚರ್ಚೆ ಸೋಂಕಿನದ್ದು. ಬಣ್ಣವನ್ನು ಬೋನಿಗೆ ಕರೆದು ನಿಲ್ಲಿಸಲೇ ಇಲ್ಲ.

ಅಷ್ಟರಲ್ಲಿ ಬಣ್ಣ ಬದಲಾಗಿ ಹೋಗಿತ್ತು. 1891ರಲ್ಲಿ ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓ'ರೈಲಿ ವಿದ್ಯುತ್ ಹಚ್ಚೆ ಯಂತ್ರಕ್ಕೆ ಪೇಟೆಂಟ್ ಪಡೆದ. ಅದಕ್ಕೆ ಮೂಲ ಎಡಿಸನ್‌ನ ಎಲೆಕ್ಟ್ರಿಕ್ ಪೆನ್. ಕಾಗದದ ಮೇಲೆ ತೂತು ಕೊರೆದು ನಕಲು ಪ್ರತಿ ತೆಗೆಯೋ ಸಾಧನ ಅದು. ಕೈಯಲ್ಲಿ ಗಂಟೆಗಟ್ಟಲೆ ಹಿಡಿಯುತ್ತಿದ್ದ ಕೆಲಸ ಈಗ ಬೇಗ ಮುಗಿಯೋಕೆ ಶುರುವಾಯ್ತು. ದೊಡ್ಡ ಚಿತ್ರ, ಹೆಚ್ಚು ಬಣ್ಣ. ಕೆಂಪಿಗೆ ಇಂಗಳೀಕ ಬಂತು, ಅಂದರೆ ಪಾದರಸ ಮತ್ತು ಗಂಧಕದ ಸಂಯುಕ್ತ. ಹಳದಿಗೆ ಕ್ಯಾಡ್ಮಿಯಂ, ಹಸಿರಿಗೆ ಕ್ರೋಮಿಯಂ, ನೀಲಿಗೆ ಕೋಬಾಲ್ಟ್. ಚಿತ್ರಕಾರನ ಪೆಟ್ಟಿಗೆಯಲ್ಲಿದ್ದ ಲೋಹಗಳೆಲ್ಲ ಚರ್ಮದೊಳಕ್ಕೆ ಇಳಿದವು.

ಮೊದಲು ತಕರಾರು ತೆಗೆದದ್ದು ಕೆಂಪು. ಕೆಂಪು ತುಂಬಿದ ಜಾಗ ಮಾತ್ರ ಊದಿಕೊಳ್ಳೋದು, ಗಂಟುಗಂಟಾಗೋದು, ತುರಿಸೋದು. ಅದೇ ಚಿತ್ರದ ಕಪ್ಪು ಗೆರೆ ತಣ್ಣಗೆ ಇರೋದು. ಪಾದರಸದ ಅಲರ್ಜಿ ಅಂತ ವೈದ್ಯರು ಗುರುತಿಸಿದರು. ಇದರಲ್ಲೊಂದು ತಮಾಷೆಯೂ ಇದೆ. ಸಿಫಿಲಿಸ್‌ಗೆ ಆ ಕಾಲದಲ್ಲಿ ಪಾದರಸವೇ ಔಷಧಿ. ಸಿಫಿಲಿಸ್ ದದ್ದು ಮೈಯೆಲ್ಲ ಎದ್ದರೂ ಹಚ್ಚೆಯ ಕೆಂಪು ಭಾಗವನ್ನು ಮಾತ್ರ ಮುಟ್ಟಿರಲಿಲ್ಲ ಅಂತ ಬರೆದಿಟ್ಟ ವೈದ್ಯರಿದ್ದಾರೆ!

ಹಳದಿಯ ಕಥೆ ನನಗೆ ಇನ್ನೂ ಇಷ್ಟ. ಎಲೆಕ್ಟ್ರಾನಿಕ್ಸ್ ಓದಿದವರಿಗೆ ಎಲ್‌ಡಿಆರ್ ಗೊತ್ತಿರುತ್ತೆ. ಕತ್ತಲಾದ ಕೂಡಲೇ ತಾನಾಗೇ ಹೊತ್ತಿಕೊಳ್ಳೋ ಬೀದಿದೀಪ ಅಂತ ಒಂದು ಪ್ರಾಜೆಕ್ಟ್ ಇರುತ್ತಲ್ಲ, ನಮ್ಮ ಬ್ಯಾಚಿನಲ್ಲಿ ಅರ್ಧ ಜನ ಅದನ್ನೇ ಮಾಡಿ ಪಾಸಾದವರು. ಅದರೊಳಗಿನ ಹಾವಿನಂಥ ಪಟ್ಟಿ ಕ್ಯಾಡ್ಮಿಯಂ ಸಲ್ಫೈಡ್. ಬೆಳಕು ಬಿದ್ದರೆ ಅದರ ಗುಣವೇ ಬದಲಾಗುತ್ತೆ, ಅದಕ್ಕೇ ಅದನ್ನು ಅಲ್ಲಿ ಹಾಕೋದು. ಹಚ್ಚೆಯ ಹಳದಿಯೂ ಇದೇ ವಸ್ತು. ಬಿಸಿಲಿಗೆ ಹೋದರೆ ಹಳದಿ ಭಾಗ ಮಾತ್ರ ಊದಿಕೊಳ್ಳುತ್ತೆ ಅನ್ನೋದನ್ನು 1963ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವಿವರಿಸಲಾಯಿತು. ಬೀದಿದೀಪಕ್ಕೆ ಸೆನ್ಸರ್ ಆಗೋ ಪುಡಿಯನ್ನು ತೋಳಿಗೆ ತುಂಬಿದರೆ ಬಿಸಿಲಿಗೆ ಸ್ಪಂದಿಸದೆ ಇರುತ್ತಾ?

ಲೋಹಗಳು ಕೆಟ್ಟ ಹೆಸರು ತಗೊಂಡ ಮೇಲೆ ಅವುಗಳ ಜಾಗಕ್ಕೆ ಹೊಸ ಬಣ್ಣಗಳು ಬಂದವು. ಇವು ಕಲ್ಲಿದ್ದಲು, ಪೆಟ್ರೋಲಿಯಂ ಮೂಲದ ರಾಸಾಯನಿಕಗಳು. ನೀಲಿಯನ್ನೇ ತಗೊಳ್ಳಿ. 1928ರ ಸುಮಾರಿಗೆ ಸ್ಕಾಟ್ಲೆಂಡಿನ ಗ್ರೇಂಜ್‌ಮೌತ್‌ನ ಕಾರ್ಖಾನೆಯಲ್ಲಿ ಬೇರೇನೋ ರಾಸಾಯನಿಕ ತಯಾರಾಗ್ತಿತ್ತು. ಪಾತ್ರೆಯ ಒಳಲೇಪನ ಒಡೆದು ಒಳಗಿನ ದ್ರವಕ್ಕೆ ಕಬ್ಬಿಣ ತಾಗಿತು. ಬಿಳಿ ಬರಬೇಕಾದ ಮಾಲಿನಲ್ಲಿ ನೀಲಿ ಕಲೆ. ಕೆಲಸಗಾರರು ಅದನ್ನು ಎಸೆಯದೆ ಪರೀಕ್ಷೆಗೆ ಕಳಿಸಿದರು. ಹೀಗೆ ಸಿಕ್ಕಿದ್ದು ಥಾಲೋಸಯನೀನ್ ಕುಟುಂಬ. ಕಬ್ಬಿಣದ ಬದಲು ತಾಮ್ರ ಹಾಕಿದಾಗ ಬಂದ ಗಟ್ಟಿ ನೀಲಿ 1935ರಲ್ಲಿ ಮೊನಾಸ್ಟ್ರಲ್ ಬ್ಲೂ ಅನ್ನೋ ಹೆಸರಲ್ಲಿ ಮಾರುಕಟ್ಟೆಗೆ ಬಂತು. ಬಿಸಿಲಿಗೆ ಮಾಸಲ್ಲ, ನೀರಿಗೆ ಕರಗಲ್ಲ. ಕಾರಿನ ಪೇಂಟಿಗೆ, ಪ್ಲಾಸ್ಟಿಕ್ಕಿಗೆ, ಪ್ರಿಂಟಿಂಗ್‌ಗೆ ಹೇಳಿ ಮಾಡಿಸಿದ ಬಣ್ಣ. ನಿಮ್ಮ ಮನೆಗೆ ಬರೋ ಕಲರ್ ಪತ್ರಿಕೆಯಲ್ಲಿನ ನೀಲಿಯೂ ಇದೇ ಮನೆತನದ್ದು. ಕೆಂಪಿಗೆ ಹೀಗೇ ಆಜೋ ಬಣ್ಣಗಳು ಬಂದವು. ಹಚ್ಚೆಯ ಶಾಯಿ ಮಾಡೋರು ಈ ಪುಡಿಗಳನ್ನು ಕೊಂಡು ನೀರಲ್ಲಿ ಕಲಸಿ ಬಾಟಲಿಗೆ ತುಂಬಿದರು. ತಮಾಷೆಗೆ ಹೇಳ್ತಿಲ್ಲ, ಹಚ್ಚೆಯ ಕೆಲವು ಬಣ್ಣಗಳು ಪ್ರಿಂಟರ್ ಶಾಯಿಗೆ, ಕಾರಿನ ಪೇಂಟಿಗೆ ಬಳಸೋ ದರ್ಜೆಯವು ಅಂತ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ, ತಾನೇ ಹೇಳಿದೆ. ಚರ್ಮದೊಳಗೆ ಚುಚ್ಚೋದಕ್ಕೆ ಅಂತ ಆ ಸಂಸ್ಥೆ ಯಾವ ಬಣ್ಣಕ್ಕೂ ಒಪ್ಪಿಗೆ ಕೊಟ್ಟಿಲ್ಲ.

ಕಾರಿನ ಬಾಗಿಲಿಗೆ ಹಚ್ಚಿದ ಬಣ್ಣ ಅಲ್ಲೇ ಇರುತ್ತೆ. ಮೈಯೊಳಗೆ ಹಾಗಲ್ಲ. ಸೂಜಿ ಬಣ್ಣವನ್ನು ಬಿಟ್ಟ ಕೂಡಲೇ ಮ್ಯಾಕ್ರೋಫೇಜ್ ಅನ್ನೋ ಕಾವಲು ಜೀವಕೋಶಗಳು ಬಂದು ಅದನ್ನು ನುಂಗುತ್ತವೆ. ನುಂಗುತ್ತವೆ, ಅರಗಿಸಿಕೊಳ್ಳೋಕೆ ಆಗಲ್ಲ. ಫ್ರಾನ್ಸಿನ ಮಾರ್ಸೆಯ ಸಂಶೋಧಕರು 2018ರಲ್ಲಿ ಇಲಿಗಳ ಬಾಲಕ್ಕೆ ಹಸಿರು ಹಚ್ಚೆ ಹಾಕಿ ನೋಡಿದರು. ಬಣ್ಣ ನುಂಗಿದ ಕೋಶ ಸತ್ತರೆ ಬಣ್ಣ ಹೊರಬೀಳುತ್ತೆ, ಪಕ್ಕದ ಹೊಸ ಕೋಶ ಅದನ್ನು ಮತ್ತೆ ನುಂಗುತ್ತೆ. ಹಚ್ಚೆ ಶಾಶ್ವತ ಅಂತೀವಲ್ಲ, ಅದರ ಗುಟ್ಟು ಇಷ್ಟೇ. ನಿಮ್ಮ ರೋಗನಿರೋಧಕ ವ್ಯವಸ್ಥೆ ಬದುಕಿರೋವರೆಗೂ ಆ ಬಣ್ಣವನ್ನು ಬಾಯಲ್ಲಿಟ್ಟುಕೊಂಡು ಕೂತಿರುತ್ತೆ. ಎಲ್ಲ ಬಣ್ಣವೂ ಅಲ್ಲೇ ಉಳಿಯೋದೂ ಇಲ್ಲ. 2017ರಲ್ಲಿ ಜರ್ಮನಿಯ ವಿಜ್ಞಾನಿಗಳು ಫ್ರಾನ್ಸಿನ ಗ್ರೆನೋಬಲ್‌ನ ಸಿಂಕ್ರೋಟ್ರಾನ್ ಎಕ್ಸ್‌ರೇ ಬಳಸಿ, ಹಚ್ಚೆ ಇದ್ದ ಮೃತ ವ್ಯಕ್ತಿಗಳ ಚರ್ಮ ಮತ್ತು ದುಗ್ಧಗ್ರಂಥಿಗಳನ್ನು ಪರೀಕ್ಷಿಸಿದರು. ಬಣ್ಣದ ನ್ಯಾನೋ ಕಣಗಳು ಗ್ರಂಥಿಗಳ ತನಕ ಪ್ರಯಾಣ ಮಾಡಿದ್ದವು. ಪ್ರಮಾಣ ಎಷ್ಟು ಅಂತೀರಾ? ಜರ್ಮನಿಯ ರೇಗೆನ್ಸ್‌ಬುರ್ಗ್‌ನ ತಂಡವೊಂದು ಅಳೆದ ಪ್ರಕಾರ ಒಂದು ಚದರ ಸೆಂಟಿಮೀಟರ್ ಹಚ್ಚೆಗೆ ಸರಾಸರಿ ಎರಡೂವರೆ ಮಿಲಿಗ್ರಾಂ ಬಣ್ಣ. ಸಣ್ಣ ಚಿಟ್ಟೆಗೆ ಇದು ಏನೂ ಅಲ್ಲ ಅನ್ನಿಸಬಹುದು. ಭುಜದಿಂದ ಮಣಿಕಟ್ಟಿನವರೆಗೆ ತುಂಬಿಸಿಕೊಂಡವರು ತಾವೇ ಲೆಕ್ಕ ಹಾಕಿಕೊಳ್ಳಲಿ.

ಹೆಚ್ಚಿನವರಿಗೆ ಇದರಿಂದ ಏನೂ ಆಗಲ್ಲ, ಇದನ್ನೂ ಹೇಳಬೇಕು. ಗಾಯ ಮಾಗುತ್ತೆ, ಚಿತ್ರ ಉಳಿಯುತ್ತೆ. ತೊಂದರೆ ಆದವರ ಪಾಡು ಬೇರೆ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಬಿಸ್ಪೆಬ್ಯಾರ್ಗ್ ಆಸ್ಪತ್ರೆ ಹಚ್ಚೆಯ ತೊಂದರೆಗೆಂದೇ ಒಂದು ಕ್ಲಿನಿಕ್ ನಡೆಸಿದೆ. ಅಲ್ಲಿಗೆ ಬಂದ ಅಲರ್ಜಿಗಳಲ್ಲಿ ದೊಡ್ಡ ಪಾಲು ಕೆಂಪಿನದ್ದೇ. ಪಾದರಸ ಹೋಯ್ತು, ಆದರೂ ಕೆಂಪು ಕೆಂಪೇ! ಈಗಿನ ಆರೋಪಿ ಆಜೋ ಬಣ್ಣಗಳು. ಊತ, ದಪ್ಪಗಾದ ಚರ್ಮ, ರಾತ್ರಿ ನಿದ್ದೆ ಕೆಡಿಸೋ ತುರಿಕೆ. ಮಾರನೇ ದಿನವೇ ಬರಬೇಕಂತಿಲ್ಲ. ತಿಂಗಳು, ಕೆಲವರಿಗೆ ವರ್ಷಗಳ ಮೇಲೆ ಶುರುವಾಗುತ್ತೆ. ಮುಲಾಮು ಹಚ್ಚಿದರೆ ತಾತ್ಕಾಲಿಕ ಶಮನ, ಕೊನೆಗೆ ಕೆಲವರಿಗೆ ಆ ಭಾಗದ ಚರ್ಮವನ್ನೇ ಪದರಪದರವಾಗಿ ಹೆರೆದು ತೆಗೆಯಬೇಕಾಗುತ್ತೆ.

ಟ್ಯಾಟೂ ಅಂಗಡಿಗೆ ಹೋಗೋರು ಇನ್ನೊಂದು ವಿಷಯ ತಿಳಿದಿರಬೇಕು. "ಕಿವಿ ಹಿಂದೆ ಒಂದು ಚುಕ್ಕೆ ಹಚ್ಚಿ ನೋಡ್ತೀವಿ, ಅಲರ್ಜಿ ಇದ್ದರೆ ಗೊತ್ತಾಗುತ್ತೆ" ಅಂತ ಹೇಳೋರಿದ್ದಾರೆ. ಕೋಪನ್‌ಹೇಗನ್‌ನ ಅದೇ ವೈದ್ಯರು ಹಚ್ಚೆಯಿಂದ ತೊಂದರೆ ಆದ 90 ರೋಗಿಗಳಿಗೆ ಪ್ಯಾಚ್ ಟೆಸ್ಟ್ ಮಾಡಿದ ಫಲಿತಾಂಶ 2014ರಲ್ಲಿ ಪ್ರಕಟವಾಯ್ತು. ಯಾವ ಶಾಯಿಯಿಂದ ಊದಿಕೊಂಡಿತ್ತೋ ಆ ಶಾಯಿಯನ್ನೇ ಬೆನ್ನಿಗೆ ಹಚ್ಚಿ ನೋಡಿದರೂ ಬಹುತೇಕರಿಗೆ ಪರೀಕ್ಷೆ ನೆಗೆಟಿವ್! ಕಾರಣ ಏನಿರಬಹುದು ಅಂದರೆ, ಅಲರ್ಜಿ ತರೋ ವಸ್ತು ಬಾಟಲಿಯಲ್ಲಿ ಇಲ್ಲ. ಬಣ್ಣ ಚರ್ಮದೊಳಗೆ ಕಾಲಕ್ರಮೇಣ ಮಾರ್ಪಟ್ಟು, ನಮ್ಮದೇ ಪ್ರೋಟೀನಿಗೆ ಅಂಟಿಕೊಂಡು ಅದು ಅಲ್ಲೇ ಹುಟ್ಟುತ್ತೆ. ಹಾಗಿರುವಾಗ ಕಿವಿ ಹಿಂದಿನ ಚುಕ್ಕೆ ಎರಡು ದಿನ ಸುಮ್ಮನಿದ್ದರೆ ಅದರಿಂದ ಯಾವ ಗ್ಯಾರಂಟಿಯೂ ಸಿಗಲ್ಲ.

ಸೋಂಕು ಕೂಡ ಬರೀ ಸೂಜಿಯ ಆಸ್ತಿಯಾಗಿ ಉಳಿದಿಲ್ಲ. 2011ರ ಕೊನೆಯ ತಿಂಗಳುಗಳಲ್ಲಿ ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್‌ನಲ್ಲಿ ಒಬ್ಬನೇ ಕಲಾವಿದನ ಬಳಿ ಹಚ್ಚೆ ಹಾಕಿಸಿಕೊಂಡ 19 ಜನರಿಗೆ ಮಾಗದ ದದ್ದು ಕಾಣಿಸಿಕೊಂಡಿತು. ಆತನ ಅಂಗಡಿ ಸ್ವಚ್ಛ, ಸೂಜಿ ಹೊಸದು. ತನಿಖೆ ಮಾಡಿದರೆ ಕಳ್ಳ ಸಿಕ್ಕಿದ್ದು ಬೂದು ಬಣ್ಣದ ಶಾಯಿಯಲ್ಲಿ. ಸೀಲ್ ಒಡೆಯದ ಬಾಟಲಿಯಲ್ಲೂ ಮೈಕೋಬ್ಯಾಕ್ಟೀರಿಯಂ ಕಿಲೋನೆ ಇತ್ತು, ಕ್ಷಯ ಮತ್ತು ಕುಷ್ಠದ ರೋಗಾಣುವಿನ ಬಂಧು. ಕಪ್ಪು ಶಾಯಿಯನ್ನು ತಿಳಿಮಾಡೋಕೆ ತಯಾರಿಕೆಯ ಹಂತದಲ್ಲಿ ಹಾಕಿದ ನೀರಿನಿಂದ ಅದು ಬಂದಿರಬೇಕು ಅಂತ ತನಿಖೆ ಬೊಟ್ಟು ಮಾಡಿತು. ಡಿಸ್ಟಿಲ್ಡ್ ವಾಟರ್ ಅಂದ ತಕ್ಷಣ ನಮಗೆ ಶುದ್ಧ ಅನ್ನಿಸುತ್ತೆ. ಮನೆಯ ಯುಪಿಎಸ್ ಬ್ಯಾಟರಿಗೆ ಹಾಕ್ತೀವಲ್ಲ, ಆ ನೀರು. ಅದರಲ್ಲಿ ಲವಣ ಇರಲ್ಲ, ನಿಜ. ರೋಗಾಣು ಇರಲ್ಲ ಅಂತ ಅರ್ಥವಲ್ಲ.

ಇನ್ನು ಹಚ್ಚೆ ತೆಗೆಸೋ ವಿಚಾರ. ನಮ್ಮ ಕಡೆ ಇದು ಶೋಕಿಯ ಮಾತಲ್ಲ, ಹೊಟ್ಟೆಪಾಡಿನ ಮಾತು. ಸೇನಾ ಭರ್ತಿಯಲ್ಲಿ ಮುಂಗೈ ಒಳಭಾಗ, ಅಂಗೈ ಹಿಂಭಾಗ ಬಿಟ್ಟು ಬೇರೆ ಕಡೆ ಶಾಶ್ವತ ಹಚ್ಚೆ ಇದ್ದರೆ ಅಡ್ಡಿ. ಬುಡಕಟ್ಟು ಸಮುದಾಯಗಳಿಗೆ ಮಾತ್ರ ವಿನಾಯಿತಿ. ಹದಿನೇಳನೇ ವಯಸ್ಸಿಗೆ ಎದೆಮೇಲೆ ಹೀರೋ ಹೆಸರು ಹಾಕಿಸಿಕೊಂಡ ಹುಡುಗ, ಇಪ್ಪತ್ತಕ್ಕೆ ರ್‍ಯಾಲಿಗೆ ಓಡೋ ಮುಂಚೆ ಲೇಸರ್ ಹುಡುಕಿಕೊಂಡು ಹೋಗ್ತಾನೆ. ಲೇಸರ್ ಬಣ್ಣವನ್ನು ಮಾಯ ಮಾಡಲ್ಲ, ಚೂರು ಮಾಡುತ್ತೆ. ಕೆಂಪು ಆಜೋ ಬಣ್ಣ ಒಡೆದಾಗ ಬರೋ ಚೂರುಗಳಲ್ಲಿ ವಿಷಕಾರಿ ಅಮೀನುಗಳಿವೆ ಅನ್ನೋದನ್ನು ಜರ್ಮನಿಯ ಪ್ರಯೋಗಾಲಯಗಳು ತೋರಿಸಿವೆ. ಗ್ರೇಂಜ್‌ಮೌತ್‌ನ ಆ ಜಗಜಟ್ಟಿ ನೀಲಿಯ ಮೇಲೆ ರೂಬಿ ಲೇಸರ್ ಬಿಟ್ಟರೆ ಹೈಡ್ರೋಜನ್ ಸಯನೈಡ್ ಹುಟ್ಟುತ್ತೆ ಅಂತ 2015ರ ಒಂದು ಪ್ರಯೋಗ ಹೇಳಿತು. ಅದು ಗಾಜಿನ ಸೀಸೆಯಲ್ಲಿ ನಡೆದದ್ದು, ಮನುಷ್ಯನ ಮೇಲಲ್ಲ, ಗಾಬರಿ ಬೇಡ. ಬಿಳಿ ಅಥವಾ ಚರ್ಮದ ಬಣ್ಣದ ಹಚ್ಚೆಗೆ ಲೇಸರ್ ಬಿದ್ದರೆ ಅದು ಕಪ್ಪಾಗೋದೂ ಉಂಟು. ಬಿಳಿಯಲ್ಲಿರೋ ಟೈಟಾನಿಯಂ ಡೈಆಕ್ಸೈಡ್ ಮಾಡೋ ಕೆಲಸ ಅದು. ತೆಗೆಸೋಕೆ ಹೋಗಿ ಇನ್ನೂ ಎದ್ದು ಕಾಣೋ ಹಾಗೆ ಮಾಡಿಸಿಕೊಂಡು ಬರೋ ಪರಿಸ್ಥಿತಿ. ಲೇಸರ್ ಯಂತ್ರ ಇರೋ ಬ್ಯೂಟಿ ಪಾರ್ಲರ್‌ಗೂ ಚರ್ಮವೈದ್ಯರಿಗೂ ಇರೋ ವ್ಯತ್ಯಾಸ ಇಲ್ಲಿ ಗೊತ್ತಾಗೋದು.

ಕ್ಯಾನ್ಸರ್ ಬರುತ್ತಾ? ಎಲ್ಲರೂ ಕಾಯ್ತಿರೋ ಪ್ರಶ್ನೆ ಇದೇ ಅಂತ ಗೊತ್ತು. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯ 2024ರಲ್ಲಿ 11,905 ಜನರ ಅಧ್ಯಯನ ಪ್ರಕಟಿಸಿತು. ಹಚ್ಚೆ ಇದ್ದವರಲ್ಲಿ ಲಿಂಫೋಮಾ ಅನ್ನೋ ರಕ್ತಸಂಬಂಧಿ ಕ್ಯಾನ್ಸರ್ ಅಪಾಯ ಶೇ 21ರಷ್ಟು ಹೆಚ್ಚು ಅಂತ ಬಂತು. ಟಿವಿಗಳ ಕೆಂಪು ಪಟ್ಟಿಗೆ ಇಷ್ಟು ಸಾಕು. ಅದೇ ವರದಿಯ ಮುಂದಿನ ಸಾಲು ಪಟ್ಟಿಯಲ್ಲಿ ಹಿಡಿಸಲ್ಲ: ಹಚ್ಚೆ ದೊಡ್ಡದಾದಂತೆ ಅಪಾಯವೂ ಹೆಚ್ಚಬೇಕಿತ್ತು, ಹಾಗೆ ಕಾಣಲಿಲ್ಲ. ಬಣ್ಣವೇ ಕಾರಣ ಅಂತ ಒಂದು ಅಧ್ಯಯನದಿಂದ ತೀರ್ಪು ಕೊಡೋಕೆ ಆಗಲ್ಲ. ಲಿಂಫೋಮಾ ಅಪರೂಪದ ಕಾಯಿಲೆ, ಅಪರೂಪದ್ದರ ಶೇ 21 ಅಂದರೂ ಅಪರೂಪವೇ. ನನ್ನ ಪ್ರಕಾರ ಜನರನ್ನು ಹೆದರಿಸಬೇಕಾದ ವಿಷಯ ಕ್ಯಾನ್ಸರ್ ಅಲ್ಲ, ಕೆಂಪು ಬಣ್ಣದ ಅಲರ್ಜಿ. ಅದು ಕಣ್ಣೆದುರಿಗಿದೆ, ಚರ್ಮವೈದ್ಯರ ಬಳಿ ದಾಖಲಾಗಿದೆ.

ಬಣ್ಣಕ್ಕೆ ಮೊದಲು ಸರಿಯಾಗಿ ಬೇಲಿ ಹಾಕಿದ್ದು ಯುರೋಪ್. 2022ರ ಜನವರಿ 4ರಿಂದ ಐರೋಪ್ಯ ಒಕ್ಕೂಟದಲ್ಲಿ ಹಚ್ಚೆ ಶಾಯಿಯ ನಾಲ್ಕು ಸಾವಿರದಷ್ಟು ರಾಸಾಯನಿಕಗಳಿಗೆ ಮಿತಿ ಅಥವಾ ನಿಷೇಧ ಬಂತು. ಆ ಹಳೇ ನೀಲಿ ಮತ್ತು ಅದರ ತಮ್ಮ ಹಸಿರಿಗೆ ಒಂದು ವರ್ಷ ಹೆಚ್ಚಿಗೆ ಸಮಯ ಸಿಕ್ಕಿತು. ಬೇರೆ ನೀಲಿ ಎಲ್ಲಿಂದ ತರೋದು ಅಂತ ಕಲಾವಿದರು ಗಲಾಟೆ ಮಾಡಿದರು, ಸಹಿ ಸಂಗ್ರಹ ಮಾಡಿದರು. ಅವರ ಕಷ್ಟವೂ ಸುಳ್ಳಲ್ಲ. ಅಮೆರಿಕದಲ್ಲಿ 2022ರ ಹೊಸ ಕಾಯ್ದೆ ಬರೋವರೆಗೆ, ಕೆಟ್ಟ ಶಾಯಿಯನ್ನು ಮಾರುಕಟ್ಟೆಯಿಂದ ವಾಪಸ್ ತಗೊಳ್ಳಿ ಅಂತ ಕಡ್ಡಾಯವಾಗಿ ಹೇಳೋ ಅಧಿಕಾರವೇ ಎಫ್‌ಡಿಎಗೆ ಇರಲಿಲ್ಲ.

ನಮ್ಮಲ್ಲಿ ಈ ಮಾತು ಗಟ್ಟಿಯಾಗಿ ಎದ್ದದ್ದು 2025ರಲ್ಲಿ. ಪರೀಕ್ಷೆ ಮಾಡಿದ ಹಚ್ಚೆ ಶಾಯಿಗಳಲ್ಲಿ ಆರ್ಸೆನಿಕ್, ಕ್ರೋಮಿಯಂ, ಸೆಲೆನಿಯಂ ಸೇರಿ 22 ಲೋಹಗಳು ಸಿಕ್ಕಿವೆ, ಇದಕ್ಕೆ ಮಾನದಂಡ ತನ್ನಿ ಅಂತ ಕೇಂದ್ರಕ್ಕೆ ಬರೆಯುತ್ತೇವೆ ಅಂತ ಕರ್ನಾಟಕದ ಆರೋಗ್ಯ ಸಚಿವರು ಹೇಳಿದರು. ಒಳ್ಳೆಯ ಹೆಜ್ಜೆ. ಆದರೆ ಪಟ್ಟಿಯಲ್ಲಿ ಲೋಹಗಳಷ್ಟೇ ಇದ್ದರೆ ಅರ್ಧ ಕೆಲಸ ಆದಂತೆ. ಇವತ್ತಿನ ಕೆಂಪಿನಲ್ಲಿ ಮುಖ್ಯ ಆರೋಪಿ ಲೋಹ ಅಲ್ಲ, ಆಜೋ ಅಂತ ಈಗಷ್ಟೇ ನೋಡಿದೆವು.

ಕಾನೂನು ಬರೋವರೆಗೆ ಏನು ಮಾಡೋದು? ಹಾಕಿಸಿಕೊಳ್ಳೋದೇ ಆದರೆ ಬಾಟಲಿ ತೋರಿಸಿ ಅಂತ ಕೇಳಿ. ಕಂಪನಿ ಹೆಸರು, ಬ್ಯಾಚ್ ನಂಬರ್, ಮುಕ್ತಾಯದ ದಿನಾಂಕ, ಬಣ್ಣದ ಸಿಐ ಸಂಖ್ಯೆ ಇರಬೇಕು. ಆ ನೀಲಿಗೆ 74160, ಅದರ ತಮ್ಮ ಹಸಿರಿಗೆ 74260, ಬಿಳಿ ಟೈಟಾನಿಯಂಗೆ 77891. ಲೇಬಲ್ಲೇ ಇಲ್ಲದ ಬಾಟಲಿಯಾದರೆ ಎದ್ದು ಬನ್ನಿ. ಲೇಬಲ್ ಇದ್ದರೆ ಮೊಬೈಲಲ್ಲಿ ಒಂದು ಫೋಟೋ ತೆಗೆದು ಇಟ್ಟುಕೊಳ್ಳಿ. ನಾಲ್ಕು ವರ್ಷ ಬಿಟ್ಟು ಕೆಂಪು ಜಾಗ ಊದಿಕೊಂಡು ಚರ್ಮವೈದ್ಯರ ಎದುರು ಕೂತಾಗ, "ಯಾವ ಶಾಯಿ ಹಾಕಿಸಿದ್ರಿ?" ಅಂತ ಅವರು ಕೇಳ್ತಾರೆ. ಅಷ್ಟೊತ್ತಿಗೆ ಅಂಗಡಿ ಅಲ್ಲಿರುತ್ತೋ ಇಲ್ಲವೋ, ಫೋಟೋ ನಿಮ್ಮ ಹತ್ತಿರ ಇರುತ್ತೆ.